ಅಲ್ಲೊಂದು ಇಟ್ಟಿರು ಅಂದವಳು ನಾನು

ಇಪ್ಪತ್ತೆರಡು ವರ್ಷ ನಾನು ಬೇರೆಯವರ ಕಾಗದ ಹೊತ್ತೆ. ಒಂದನ್ನೂ ಓದಲಿಲ್ಲ. ಓದಲು ಬರುತ್ತಿರಲಿಲ್ಲ ಎನ್ನುವುದು ಒಂದು ಕಾರಣ. ಚೀಲಕ್ಕೆ ಬೀಗ ಇತ್ತು ಎನ್ನುವುದು ಇನ್ನೊಂದು.

ಸಕಲೇಶಪುರದ ಕಡೆ ದೊಡ್ಡ ಕಾಫಿ ಎಸ್ಟೇಟುಗಳಲ್ಲಿ ಟಪಾಲಿಗೆ ಅಂತಲೇ ಒಂದು ಆಳು ಇರುತ್ತಿತ್ತು. ನಮ್ಮಲ್ಲಿ ಆ ಆಳು ನನ್ನ ಗಂಡ. ಅವನು ಸತ್ತ ಮೇಲೆ ಚೀಲ ನನ್ನ ಹೆಗಲಿಗೆ ಬಂತು. ಖಾಕಿ ಬಟ್ಟೆಯ ದಪ್ಪ ಚೀಲ, ಬಾಯಿಗೆ ಹಿತ್ತಾಳೆ ಬೀಗ. ಬೀಗಕ್ಕೆ ಎರಡು ಕೀಲಿಕೈ. ಒಂದು ಎಸ್ಟೇಟ್ ಆಫೀಸಿನಲ್ಲಿ, ಇನ್ನೊಂದು ಆನೇಮಹಲ್ ಕಡೆಯ ಅಂಚೆ ಕಚೇರಿಯಲ್ಲಿ. ಹೊರುವವರ ಹತ್ತಿರ ಕೀಲಿಕೈ ಇರಕೂಡದು, ಅದು ಕಾನೂನು. ಬೆಳಿಗ್ಗೆ ಎಸ್ಟೇಟಿನ ಗುಮಾಸ್ತರು, ಅವರನ್ನು ನಾವೆಲ್ಲ ರೈಟರ್ ಅನ್ನುವುದು, ಹೋಗಬೇಕಾದ ಕಾಗದ ಹಾಕಿ ಬೀಗ ಜಡಿಯುತ್ತಿದ್ದರು. ನಾನು ನಾಲ್ಕು ಮೈಲಿ ನಡೆಯುತ್ತಿದ್ದೆ. ಪೋಸ್ಟ್ ಮಾಸ್ಟರು ತಮ್ಮ ಕೀಲಿಯಿಂದ ತೆಗೆದು, ನಮ್ಮದನ್ನು ಎತ್ತಿಕೊಂಡು, ನಮಗೆ ಬಂದದ್ದನ್ನು ತುಂಬಿ, ಮತ್ತೆ ಬೀಗ ಹಾಕುತ್ತಿದ್ದರು. ನಾನು ಮತ್ತೆ ನಾಲ್ಕು ಮೈಲಿ. ಎಸ್ಟೇಟಿನವರು ನನ್ನನ್ನು ಟಪಾಲಮ್ಮ ಅಂತಲೇ ಕರೆದರು. ಅಪ್ಪ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿಯಿತು.

ಗೇಟಿನ ಪಕ್ಕದ ಮನೆ ಆ ಕೆಲಸಕ್ಕೆ ಸೇರಿದ್ದು. ಒಂದು ಕೋಣೆ, ಒಂದು ಅಡುಗೆಮನೆ, ಮುಂದೊಂದು ಜಗಲಿ. ಚೀಲ ನೇತುಹಾಕಲು ಜಗಲಿಯ ಗೋಡೆಗೊಂದು ಗೂಟ. ನನ್ನ ಗಂಡನ ಹೆಣ ಮಲಗಿಸಿದ್ದು ಆ ಜಗಲಿಯಲ್ಲೇ, ಮಗಳ ಬಾಣಂತನ ಮಾಡಿದ್ದು ಆ ಕೋಣೆಯಲ್ಲೇ. ಹಿಂದೆ ಎರಡು ಮೆಣಸಿನ ಬಳ್ಳಿ ಹಬ್ಬಿಸಿದ್ದೆ. ಬೇರೆ ಮನೆ ನನಗೆ ಇರಲಿಲ್ಲ. ಮಗಳು ಆಲೂರಿನಲ್ಲಿ ಇದ್ದಾಳೆ. ಅವಳತ್ತೆಗೂ ನನಗೂ ಅರ್ಧ ದಿನಕ್ಕಿಂತ ಹೆಚ್ಚು ಆಗುವುದಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಇಬ್ಬರಲ್ಲಿ ಒಬ್ಬರು ಜಗಳಕ್ಕೆ ನಿಂತಿರುತ್ತೇವೆ.

ಚೀಲ ಹೊತ್ತು ಮೂರನೆಯದೋ ನಾಲ್ಕನೆಯದೋ ಮಳೆಗಾಲ. ಹಳ್ಳಕ್ಕೆ ಅಡ್ಡ ಹಾಕಿದ್ದ ಮರದ ದಿಮ್ಮಿಯ ಮೇಲೆ ಕಾಲು ಜಾರಿತು. ನಾನು ಬೇರು ಹಿಡಿದುಕೊಂಡೆ, ಚೀಲ ಹೋಯಿತು. ಎರಡು ದಿನ ಆದ ಮೇಲೆ ಕೆಳಗಿನ ಗದ್ದೆಯಲ್ಲಿ ಸಿಕ್ಕಿತು. ಬೀಗ ಗಟ್ಟಿಯಾಗಿಯೇ ಇತ್ತು, ಒಳಗಿದ್ದ ಕಾಗದವೆಲ್ಲ ಗಂಜಿ. ಆಗಿನ ಧಣಿ ಕೇಳಿದರು, "ಯಾರ್ಯಾರ ಕಾಗ್ದ ಇತ್ತು?" ನನಗೆ ಹೇಗೆ ಗೊತ್ತಾಗಬೇಕು? ಅಂಚೆ ಕಚೇರಿಗೆ ಹೋಗಿ ಕೇಳಿದೆ. ಪೋಸ್ಟ್ ಮಾಸ್ಟರು ಕನ್ನಡಕದ ಮೇಲಿಂದ ನೋಡಿ ಹೇಳಿದರು, "ಚೀಲಕ್ಕೆ ಹಾಕಿ ಬೀಗ ಒತ್ತಿದ್ಮೇಲೆ ನಮ್ಮತ್ರ ಏನೂ ಇರಲ್ಲ ಕಣಮ್ಮ. ರಿಜಿಸ್ಟರ್ ಆದ್ರೆ ಬುಕ್ಕಲ್ಲಿ ಹೆಸ್ರು ಇರ್ತದೆ. ಮಿಕ್ಕಿದ್ದು ನಿಮ್ಮ ಹಳ್ಳಾನೇ ಕೇಳ್ಬೇಕು." ಯಾರಿಗೆ ಏನು ಬಂದಿತ್ತು ಅಂತ ಇವತ್ತಿನವರೆಗೂ ಯಾರಿಗೂ ತಿಳಿದಿಲ್ಲ. ಆ ತಿಂಗಳೆಲ್ಲ ಲೈನಿನ, ಅಂದರೆ ಕೂಲಿಯವರ ಸಾಲುಮನೆಗಳ, ಹೆಂಗಸರು ಊರಿಂದ ಕಾಗದ ಬರದಿದ್ದಾಗಲೆಲ್ಲ ನನ್ನ ಮುಖ ನೋಡುತ್ತಿದ್ದರು. ಅದು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಧಣಿ ತೀರಿಕೊಂಡ ಮೇಲೆ ಎಸ್ಟೇಟು ಅವರ ಹೆಂಡತಿಯ ಕೈಗೆ ಬಂತು. ಅಮ್ಮನವರು ಮೈಸೂರಿನಲ್ಲೇ ಇರುತ್ತಿದ್ದರು. ವಾರಕ್ಕೆ ಎರಡು ಉದ್ದ ಕಾಗದ ರೈಟರಿಗೆ ಬರೆಯುವುದು ಅವರ ಅಭ್ಯಾಸ. ಎರಡು ಸಾವಿರದ ಇಸವಿಯ ಆಸುಪಾಸು, ಕಾಗದ ಸಾಕು, ಕಂಪ್ಯೂಟರ್ ತನ್ನಿ ಅಂದರು. ಕಾಫಿ ಹಣ್ಣಿನ ಕಾಲ. ಹಾಸನದಿಂದ ಒಬ್ಬ ಕನ್ನಡಕದವನು ಡಬ್ಬ ಹೊತ್ತು ಬಂದ. ಆಫೀಸಿನ ಮೇಜಿನ ಮೇಲೆ ಇಟ್ಟು, ಫೋನಿನ ತಂತಿಯನ್ನು ಅದರ ಹಿಂದೆ ಸಿಕ್ಕಿಸಿದ. ನಾನು ಅವನಿಗೆ ಕಾಫಿ ಕೊಟ್ಟು ಬಾಗಿಲಲ್ಲಿ ನಿಂತೆ. ನನ್ನ ಕೆಲಸ ತಿನ್ನಲು ಬಂದದ್ದು ಯಾವುದು ಅಂತ ನೋಡಬೇಕಲ್ಲ.

"ಇದ್ರಲ್ಲಿ ಕಾಗ್ದ ಹೆಂಗೆ ಬರುತ್ತಪ್ಪ?" ಅಂದೆ.

ಅವನು ಒಳ್ಳೆಯವನು, ನಗಲಿಲ್ಲ. "ನಿಮ್ಮ ಟಪಾಲಿನ ತರಾನೇ ಅಮ್ಮ. ದೂರದಲ್ಲಿ ಒಂದು ದೊಡ್ಡ ಮಷೀನ್ ಐತೆ, ಅದು ಪೋಸ್ಟಾಫೀಸು ಅಂತ ಇಟ್ಕಳಿ. ಕಾಗ್ದ ಬಂದು ಅಲ್ಲಿ ಕೂತಿರುತ್ತೆ. ಇಲ್ಲಿಂದ ಫೋನ್ ಹೋದಾಗ ಎಲ್ಲಾ ಈ ಡಬ್ಬಕ್ಕೆ ಇಳಿಯುತ್ತೆ."

"ಇಳಿದ್ಮೇಲೆ ಅಲ್ಲಿ?"

"ಅಲ್ಲಿ ಅಳ್ಸೋಗುತ್ತೆ. ಬೇಕು ಅಂದ್ರೆ ಒಂದು ಕಾಪಿ ಅಲ್ಲೂ ಉಳಿಸ್ಬೋದು. ಇಲ್ಲೊಂದು ಟಿಕ್ ಹಾಕ್ಬೇಕು ಅಷ್ಟೆ." ಅವನು ಹಿಂದೆ ತಿರುಗಿ ಕೂಗಿದ, "ರೈಟರ್ ಸಾರ್, ಸರ್ವರಲ್ಲಿ ಕಾಪಿ ಇಡ್ಲಾ ಬೇಡ್ವಾ?"

ರೈಟರ್ ಆಗಲೇ ಅಂಗಳದಲ್ಲಿದ್ದರು. ಸಂಜೆಯ ಹಣ್ಣು ಅಳೆಯುವ ಹೊತ್ತು, ಹೆಂಗಸರೆಲ್ಲ ಚೀಲ ಇಟ್ಟುಕೊಂಡು ಗದ್ದಲ ಹಾಕುತ್ತಿದ್ದರು. "ಅದೇನೋ ನಿಂಗೆ ತಿಳಿದಂಗೆ ಮಾಡಪ್ಪ!" ಅಂತ ಅಲ್ಲಿಂದಲೇ ಕೂಗಿದರು.

ಕನ್ನಡಕದವನು ನನ್ನ ಕಡೆ ನೋಡಿ ನಕ್ಕ. "ನೀವೇ ಹೇಳ್ರಮ್ಮ. ಟಪಾಲು ನಿಮ್ದು."

ನನಗೆ ಹಳ್ಳ ಕಣ್ಣ ಮುಂದೆ ಬಂತು. "ಅಲ್ಲೊಂದು ಇಟ್ಟಿರು," ಅಂದೆ. "ಇಪ್ಪತ್ತು ವರ್ಷದ ಹಿಂದೆ ಹಂಗೊಂದು ಇಟ್ಟಿದ್ರೆ ನಾನು ಅಷ್ಟು ಜನರ ಮುಖ ನೋಡೋದು ತಪ್ತಿತ್ತು."

ಅವನು ಟಿಕ್ ಎಂದು ಒತ್ತಿದ. ಸದ್ದು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ರೈಟರ್ ಬಂದರು. ಪಾಸ್‌ವರ್ಡ್ ಅನ್ನುವುದನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ ಅಂತ ಅವನು ಹೇಳಿದ. ಪಾಸ್‌ವರ್ಡ್ ಅಂದರೆ ಆ ಚೀಲದ ಕೀಲಿಕೈ. ಕೈಗೆ ಸಿಕ್ಕಿದ್ದು ನನ್ನ ಟಪಾಲು ಬುಕ್ಕು, ರಿಜಿಸ್ಟರ್ ಕಾಗದದ ಲೆಕ್ಕ ರೈಟರ್ ಬರೆದುಕೊಟ್ಟು, ನಾನು ಪೋಸ್ಟ್ ಮಾಸ್ಟರ ಸಹಿ ಹಾಕಿಸುತ್ತಿದ್ದ ಉದ್ದನೆಯ ಬುಕ್ಕು. ಅದರ ಹಿಂದಿನ ರಟ್ಟಿನ ಒಳಗೆ ರೈಟರ್ ಬರೆದರು. ಒಂದು ಸಲ ಮಷೀನಿಗೆ ಹೊಡೆದ ಮೇಲೆ ಅದು ತಾನೇ ನೆನಪಿಟ್ಟುಕೊಂಡಿತು. ಆಮೇಲೆ ಬುಕ್ಕಿನ ಸುದ್ದಿ ಯಾರಿಗೂ ಬೇಕಾಗಲಿಲ್ಲ.

ಆರು ತಿಂಗಳಿಗೆ ನನ್ನ ನಡಿಗೆ ನಿಂತಿತು. ಉಳಿದ ಚೂರುಪಾರು ಕಾಗದವನ್ನು ಪೋಸ್ಟ್‌ಮ್ಯಾನೇ ಸೈಕಲ್ಲಿನಲ್ಲಿ ತಂದು ಹಾಕುತ್ತಿದ್ದ. ನನಗೆ ಆಫೀಸು ಗುಡಿಸುವ, ಕಾಫಿ ಕಾಯಿಸುವ ಕೆಲಸ. ಹಳೆ ಬುಕ್ಕುಗಳನ್ನೆಲ್ಲ ರೈಟರ್ ನನ್ನ ಮುಂದೆ ಗುಡ್ಡೆ ಹಾಕಿ, "ತಗೊಂಡೋಗಿ ಹಂಡೆ ಒಲೆಗೆ ಹಾಕ್ಕಳಿ" ಅಂದರು. ಹಾಕಿಕೊಂಡೆ. ಕೊನೆಯ ಟಪಾಲು ಬುಕ್ಕು ಮಾತ್ರ ಬಿಟ್ಟೆ. ಅದರಲ್ಲಿ ಅರ್ಧಕ್ಕರ್ಧ ಖಾಲಿ ಹಾಳೆ. ನಡೆಯುವುದು ತಪ್ಪಿ ಕೈಯಲ್ಲಿ ಹೊತ್ತು ಉಳಿದಿತ್ತು. ರಾತ್ರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಹುಡುಗಿ ಬಿಟ್ಟುಹೋದ ಅಕ್ಷರದ ಪುಸ್ತಕ ಲೈನಿನಲ್ಲಿ ಇತ್ತು. ಅದನ್ನು ನೋಡಿಕೊಂಡು ಖಾಲಿ ಹಾಳೆಯಲ್ಲಿ ತಿದ್ದಿದೆ. ಐವತ್ತೈದು ದಾಟಿದ ಮೇಲೆ ಒತ್ತಕ್ಷರ ಕಲಿಯುವುದು ಹೊಸ ಚಪ್ಪಲಿ ಹಾಕಿದ ಹಾಗೆ, ಕಡಿಯುತ್ತದೆ. ಆದರೂ ಕಲಿತೆ. ಇದನ್ನು ಬರೆಯುತ್ತಿರುವುದೂ ಅದೇ ಬುಕ್ಕಿನಲ್ಲಿ.

ಇನ್ನೊಂದು ವರ್ಷ ಹೋಯಿತು. ಒಂದು ದಿನ ರೈಟರ್ ನನ್ನನ್ನು ಕರೆದು, "ಟಪಾಲಮ್ಮ, ನಿಮ್ಮ ವಿಚಾರ ಅಮ್ಮನವರು ಬರ್ದವ್ರೆ, ಕೇಳಿ" ಅಂದರು. ಇಂಗ್ಲಿಷಿನಲ್ಲಿದ್ದುದನ್ನು ಕನ್ನಡ ಮಾಡಿ ಓದಿದರು. ಟಪಾಲು ನಿಂತಿತು ಅಂತ ಅವಳನ್ನು ಗೇಟಿನ ಮನೆಯಿಂದ ಎಬ್ಬಿಸಬಾರದು. ಅವಳು ಬದುಕಿರುವ ತನಕ ಆ ಮನೆ ಅವಳದು. ಕೊನೆಯಲ್ಲಿ, ಬಾವಿಕಟ್ಟೆಯ ಪಾಚಿ ತಿಕ್ಕಿಸಿದಿರಾ?

"ಇದನ್ನ ಕಾಗ್ದದಲ್ಲಿ ಕೊಡಿ ರೈಟ್ರೇ," ಅಂದೆ.

"ಪ್ರಿಂಟರ್ ಇಂಕು ಒಣಗೋಗೈತೆ. ಎಲ್ಲಿಗೋಗುತ್ತೆ ಮಾರಾಯ್ತಿ? ಮಷೀನಲ್ಲೈತೆ. ಕಾಗ್ದಕ್ಕಿಂತ ಗಟ್ಟಿ."

ರೈಟರ್ ಕೆಟ್ಟವರಲ್ಲ. ಸೋಮಾರಿ. ನನಗೆ ಕೆಟ್ಟವರಿಗಿಂತ ಸೋಮಾರಿಗಳಿಂದ ಹೆಚ್ಚು ತೊಂದರೆ ಆಗಿದೆ.

ಮುಂದಿನ ಬೇಸಿಗೆಗೆ ಅಮ್ಮನವರಿಗೆ ಲಕ್ವ ಹೊಡೆಯಿತು. ಮಾತು ಹೋಯಿತು, ಯಾರ ಗುರುತೂ ಸಿಗುತ್ತಿರಲಿಲ್ಲ. ಎಸ್ಟೇಟನ್ನು ಅವರ ಮಗ ನೋಡಿಕೊಳ್ಳತೊಡಗಿದರು. ಅವರು ಒಬ್ಬ ಹೊಸ ಮ್ಯಾನೇಜರನ್ನು ಇಟ್ಟರು. ಮ್ಯಾನೇಜರಿಗೆ ಒಂದು ಹೊಸ ಜೀಪು. ಅದು ಬಿಸಿಲಲ್ಲಿ ನಿಂತರೆ ಅವರಿಗೇ ಬೆವರು.

ಆ ಸಲದ ಹೂಮಳೆ ತಡವಾಗಿ ಬಂತು. ಕಾಫಿ ಹೂ ಬಿಡಬೇಕಾದರೆ ಬೀಳಬೇಕಾದ ಮಳೆ ಅದು. ಬಿದ್ದರೆ ಎಸ್ಟೇಟಿನವರಿಗೆ ಹಬ್ಬ. ಮೊದಲ ಹನಿ ಬಿದ್ದದ್ದೇ ಎಲ್ಲರೂ ಮಳೆ ಅಳೆಯುವ ಡಬ್ಬದ ಹತ್ತಿರ ಓಡಿದರು. ಒಂದು ಎಸ್ಟೇಟಿನವರು ಇನ್ನೊಬ್ಬರಿಗೆ ಕೇಳುವುದೇ ಅದು, ಎಷ್ಟು ಸೆಂಟ್ ಬಿತ್ತು ಅಂತ. ಇಂಚಿನ ನೂರರಲ್ಲೊಂದು ಪಾಲು ನಮಗೆ ಒಂದು ಸೆಂಟ್. ಕಂಪ್ಯೂಟರಿನ ತಂತಿ ಕೀಳಬೇಕು ಅನ್ನುವುದು ರೈಟರಿಗೆ ಮರೆತೇ ಹೋಯಿತು. ಅವರು ಕೊಡೆ ಹಿಡಿದು, ಡಬ್ಬದ ಮುಂದೆ ಕುಕ್ಕರುಗಾಲಲ್ಲಿ ಕೂತು, "ಎಂಬತ್ತು! ಎಂಬತ್ತೈದು!" ಅಂತ ಕೂಗುತ್ತಿದ್ದರು. ಆಗ ಸಿಡಿಲು ಫೋನಿನ ಕಂಬಕ್ಕೆ ಬಿತ್ತು. ಆಫೀಸಿನೊಳಗೆ ಪಟಾಕಿಯಂಥ ಸದ್ದು. ಹೋಗಿ ನೋಡಿದರೆ ಕಂಪ್ಯೂಟರಿನ ಹಿಂದಿನಿಂದ ಹೊಗೆ. ಪಕ್ಕದ ಫೋನೂ ಕಪ್ಪಾಗಿತ್ತು.

ಹಾಸನಕ್ಕೆ ಹೊತ್ತುಕೊಂಡು ಹೋದರು. ಒಳಗಿದ್ದುದು ಒಂದೂ ಬರುವುದಿಲ್ಲ, ಹೊಸದು ತಗೊಳ್ಳಿ ಅಂದು ಕಳಿಸಿದರಂತೆ.

ಒಂದು ವಾರಕ್ಕೆ ಮ್ಯಾನೇಜರು ನನ್ನ ಜಗಲಿಯ ಮುಂದೆ ನಿಂತು ಕೈಯಲ್ಲಿ ಅಳತೆ ಹಾಕಿದರು. "ಈ ಮನೆ ಕೆಡವ್ತೀವಿ ಕಣಮ್ಮ. ಜೀಪಿಗೆ ಶೆಡ್ಡು. ತಿಂಗಳ ಕೊನೆಗೆ ಖಾಲಿ ಮಾಡು. ಲೈನಲ್ಲಿ ಒಂದು ಕೋಣೆ ಅರ್ಧ ಖಾಲಿ ಐತಂತೆ."

"ಅರ್ಧ ಕೋಣೇಲಿ ನೀವಿರ್ತೀರಾ?" ಅಂದೆ. "ಅಮ್ಮನವರು ನಂಗೆ ಈ ಮನೆ ಬರ್ದವ್ರೆ."

"ಎಲ್ಲಿ ತೋರ್ಸು."

ರೈಟರ್ ಹಿಂದೆ ನಿಂತಿದ್ದರು. "ಹೌದು ಸಾರ್, ನಾನೇ ಓದ್ದೆ. ಮಷೀನಲ್ಲಿತ್ತು. ಸುಟ್ಟೋಗ್ಬುಡ್ತು."

ಮ್ಯಾನೇಜರು ನಕ್ಕರು. "ಸುಟ್ಟೋದ ಮಷೀನಲ್ಲಿ ಯಾರು ಬೇಕಾದ್ರೂ ಏನು ಬೇಕಾದ್ರೂ ಬರ್ದಿರ್ಬೋದು ಬಿಡ್ರೀ."

ಆ ಶನಿವಾರ ಧಣಿ, ಅಂದರೆ ಅಮ್ಮನವರ ಮಗ, ಹೂ ನೋಡಲು ಬಂದರು. ನಾನು ನೇರ ಹೋಗಿ ಕೇಳಿದೆ. ಅವರು ಬೈಯಲಿಲ್ಲ. "ಅಮ್ಮ ಬರೆದಿದ್ರೆ ನಾನು ಮೀರೋನಲ್ಲ. ಆದರೆ ನನಗೆ ಅವರೇನೂ ಹೇಳಿಲ್ಲ, ಈಗ ಕೇಳೋ ಹಾಗಿಲ್ಲ. ಅವರು ಅಂಗಡಿಗೆ ಹೋಗಿ ಕಳಿಸ್ತಿದ್ರು, ಮನೇಲಿ ಒಂದು ಕಾಪಿನೂ ಇಲ್ಲ. ಒಬ್ಬರ ಬಾಯಿಮಾತಿನ ಮೇಲೆ ಎಸ್ಟೇಟ್ ನಡೆಸೋಕಾಗಲ್ಲ. ಸೋಮವಾರ ಹೊರಡ್ತೀನಿ, ಅಷ್ಟರಲ್ಲಿ ತೋರಿಸಿ," ಅಂದರು. ಸರಿಯಾದ ಮಾತು. ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ.

ಆಫೀಸಿಗೆ ಬಂದು ರೈಟರಿಗೆ ಅಂದೆ, "ನಡೀರಿ, ಅಲ್ಲೊಂದು ಐತಲ್ಲ, ತರನ."

"ಎಲ್ಲೊಂದು?"

"ದೊಡ್ಡ ಮಷೀನಲ್ಲಿ. ನಾನೇ ಇಟ್ಟಿರು ಅಂದಿದ್ದು. ಆವಯ್ಯ ಟಿಕ್ ಹಾಕ್ದ. ನೀವು ಹಣ್ಣು ಅಳೀತಿದ್ರಿ."

ರೈಟರ್ ನನ್ನನ್ನೇ ನೋಡಿದರು. ಆಮೇಲೆ ಹಣೆ ಚಚ್ಚಿಕೊಂಡರು. "ಅದಕ್ಕೇ ಹೋದ ವರ್ಷ ಡಬ್ಬ ತುಂಬೈತೆ, ಡಬ್ಬ ತುಂಬೈತೆ ಅಂತ ಬರ್ತಿತ್ತು! ಅಯ್ಯೋ, ಸಕಲೇಶಪುರದ ಅಂಗಡಿಗೆ ಹೋಗಿ ದೊಡ್ಡ ಮಷೀನಲ್ಲಿದ್ದುದನ್ನ ನಾನು ಒಂದಷ್ಟು ಅಳ್ಸಿದೀನಿ ಕಣಮ್ಮ."

"ನಂದನ್ನ?"

"ನೆನಪಿಲ್ಲ. ಫೋಟೋ ಇದ್ದ ಭಾರದವನ್ನ ಅಳ್ಸಿದೆ ಅನ್ಸುತ್ತೆ. ಪಾಸ್‌ವರ್ಡು ಬೇರೆ... ಮಷೀನ್ ಹಾಕಿದ ದಿನ ಒಂದು ಚೀಟೀಲೂ ಬರ್ಕೊಂಡಿದ್ದೆ, ಅದನ್ನೇ ತಗೊಂಡೋಗಿದ್ದೆ, ಚೀಟಿ ಹೋಯ್ತು. ಮೂಲ ನಿಮ್ಮ ಟಪಾಲು ಬುಕ್ಕಲ್ಲಿತ್ತು. ಅದನ್ನೂ ಒಲೆಗೆ ಹಾಕಿಸ್ಬುಟ್ನಲ್ಲ!"

ನಾನು ಮನೆಗೆ ಹೋಗಿ ಬುಕ್ಕು ತಂದು ಮೇಜಿನ ಮೇಲೆ ಹಾಕಿದೆ. ರೈಟರ್ ಹಿಂದಿನ ರಟ್ಟು ತಿರುವಿದರು. ಅವರ ಒಂದು ಸಾಲು ಇಂಗ್ಲಿಷ್ ಅಲ್ಲೇ ಇತ್ತು. ಅದರ ಕೆಳಗೆ ಅದೇ ಸಾಲು ಹತ್ತು ಹನ್ನೆರಡು ಸಲ, ಸೊಟ್ಟ ಸೊಟ್ಟ.

"ಇದೇನಿದು?"

"ಕೈ ತಿರುಗ್ಲಿ ಅಂತ ತಿದ್ದಿದ್ದು. ಏನು ಬರ್ದೈತೆ ಅಂತ ಯಾವೋನಿಗೆ ಗೊತ್ತಿತ್ತು?"

ರೈಟರ್ ಎಷ್ಟು ನಕ್ಕರೆಂದರೆ ಕಣ್ಣು ಒರೆಸಿಕೊಳ್ಳಬೇಕಾಯಿತು. ನನಗೆ ನಗು ಬರಲಿಲ್ಲ. ಫೋಟೋದ ಜೊತೆ ನನ್ನ ಕಾಗದವೂ ಹೋಗಿದ್ದರೆ ಅನ್ನುವುದೇ ತಲೆಯಲ್ಲಿತ್ತು.

ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಸಕಲೇಶಪುರ. ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬ ಸಾಬರ ಅಂಗಡಿ. ಮೊದಲು ಬರೀ ಫೋನ್ ಬೂತು, ಈಗ ಹಲಗೆ ಅಡ್ಡ ಹೊಡೆದು ಎರಡು ಕಂಪ್ಯೂಟರ್ ಇಟ್ಟಿದ್ದರು. ರೈಟರ್ ಮೊದಲು ಅಲ್ಲಿಂದಲೇ ಹಾಸನದ ಕನ್ನಡಕದವನಿಗೆ ಫೋನ್ ಹಚ್ಚಿ, ಯಾವ ಬಾಗಿಲಿಂದ ಒಳಗೆ ಹೋಗಬೇಕು ಅಂತ ಇನ್ನೊಂದು ಸಲ ಕೇಳಿ ಬರೆದುಕೊಂಡರು. "ಅವತ್ತು ಕಾಪಿ ಇಟ್ಟಿದ್ನೋ ಇಲ್ವೋ ನೆನಪಿಲ್ವಂತೆ" ಅಂತ ನನ್ನ ಕಡೆ ತಿರುಗಿದರು. ನಾನು ಫೋನು ಕಿತ್ತುಕೊಂಡೆ.

"ನೀನು ಇಟ್ಟಿದ್ದೆ ಕಣಪ್ಪ. ಟಿಕ್ ಅಂತು. ಕಾಫೀಗೆ ಸಕ್ಕರೆ ಜಾಸ್ತಿ ಆಯ್ತು ಅಂದ್ಯಲ್ಲ, ಅವತ್ತು."

ಆ ಕಡೆಯಿಂದ ನಗು ಕೇಳಿಸಿತು. "ಓ, ಟಪಾಲಿನ ಅಮ್ಮ! ಹಂಗಾದ್ರೆ ಅಲ್ಲೇ ಇರುತ್ತೆ, ಹುಡುಕಿ."

ರೈಟರ್ ಕೂತು, ಬುಕ್ಕು ನೋಡಿಕೊಂಡು ಒಂದೊಂದೇ ಅಕ್ಷರ ಒತ್ತಿದರು. ಸಾಬರು ಹಿಂದೆ ನಿಂತಿದ್ದರು. ಎಲ್ಲ ಹೊಡೆದಾದ ಮೇಲೆ ರೈಟರ್ ಕೈ ಹಿಂದೆ ತೆಗೆದುಕೊಂಡರು. "ಇದೊಂದು ದೊಡ್ಡ ಗುಂಡಿ ನೀವೇ ಒತ್ತಿ ಟಪಾಲಮ್ಮ. ನಿಮ್ಮ ಕಾಗ್ದ, ನಿಮ್ಮ ಕೈಯಿಂದ್ಲೇ ಆಗ್ಲಿ."

ಒತ್ತಿದೆ. ಇಪ್ಪತ್ತೆರಡು ವರ್ಷ ಬೀಗ ಹಾಕಿದ ಚೀಲ ಹೊತ್ತವಳು, ಅವತ್ತು ಮೊದಲ ಸಲ ನಾನೇ ತೆಗೆದೆ.

ಸ್ವಲ್ಪ ಹೊತ್ತು ಬಿಳಿ. ಆಮೇಲೆ ಸಾಲು ಸಾಲು. ರೈಟರ್ ಕೆಳಕ್ಕೆ ಇಳಿಸುತ್ತಾ ಹೋದರು. ಗೊಬ್ಬರದ್ದು, ಮಳೆಯದ್ದು, ಬಾವಿಕಟ್ಟೆಯದ್ದು. ಅಮ್ಮನವರಿಗೆ ಬಾವಿಕಟ್ಟೆ ಅಂದರೆ ಬಲು ಚಿಂತೆ. ಒಂದು ಪುಟ ಮುಗಿಯಿತು, ಎರಡು ಮುಗಿಯಿತು. ರೈಟರ ಮುಖ ಸಣ್ಣದಾಗುತ್ತಾ ಬಂತು. "ನಾನು ಕಳಿಸಿದ ಉತ್ತರ ಒಂದೂ ಕಾಣ್ತಿಲ್ಲವಲ್ಲ ಸಾಬ್ರೇ?"

"ನೀವು ಕಳಿಸಿದ್ದು ನಿಮ್ಮ ಡಬ್ಬದಲ್ಲೇ ಇರ್ತದೆ ಸಾರ್, ಇಲ್ಲಿ ನಿಲ್ಲಲ್ಲ. ನಿಮಗೆ ಬಂದಿದ್ದು ಮಾತ್ರ ನೋಡಿ," ಅಂದರು ಸಾಬರು.

"ಅದೇ ಸಾಕು. ನಂಗೆ ಬೇಕಾಗಿರೋದು ಬಂದಿದ್ದೇ," ಅಂದೆ.

ಮೂರನೇ ಪುಟದ ನಡುವೆ ರೈಟರ ಬೆರಳು ನಿಂತಿತು. ತೆರೆದರು. ತುಟಿ ಅಲ್ಲಾಡಿಸುತ್ತಾ ಓದಿದರು. ನನಗೆ ಇಂಗ್ಲಿಷ್ ಬಾರದು. ಅವರ ಮುಖ ಓದಲು ಬರುತ್ತಿತ್ತಲ್ಲ. ಓದಿಕೊಂಡೆ.

"ಐತೆ ಕಣಮ್ಮೋ!" ಅಂತ ಅವರು ಕೂಗಿದ ಕೂಗಿಗೆ ಪಕ್ಕದ ಕಂಪ್ಯೂಟರಿನವನು ಎದ್ದೇಬಿಟ್ಟ. ಸಾಬರು ಎರಡು ಹಾಳೆ ಪ್ರಿಂಟ್ ತೆಗೆದರು. ನಾನು ಒಂದು ಅಂದಿದ್ದೆ. "ಇನ್ನೊಂದು ಇಟ್ಕಳಿ ಅಮ್ಮ, ನಿಮ್ಮ ಕಥೆ ಕೇಳಿದ್ಮೇಲೆ ನಂಗೇ ಭಯ," ಅಂದರು.

ಸೋಮವಾರ ಬೆಳಿಗ್ಗೆ ಧಣಿ ಬಂಗಲೆಯ ಜಗಲಿಯಲ್ಲಿ ಕೂತಿದ್ದರು. ಮ್ಯಾನೇಜರು ಜೀಪಿನ ಹತ್ತಿರ. ನಾನೇ ಕೊಟ್ಟೆ, ರೈಟರ ಕೈಗೆ ಬಿಡಲಿಲ್ಲ. ಧಣಿ ಓದಿದರು. ಕೊನೆಯ ಸಾಲಿಗೆ ಬಂದಾಗ ಅವರ ಮೀಸೆ ಅಲ್ಲಾಡಿತು. "ಬಾವಿಕಟ್ಟೆ ಪಾಚಿ! ಇದು ಅಮ್ಮನೇ. ನನಗೆ ಹಾಸ್ಟೆಲ್ಲಿಗೆ ಬರೆದ ಕಾಗದದಲ್ಲೂ ಇದೇ ಇರ್ತಿತ್ತು." ಎರಡನೇ ಸಲ ಓದಿ, ಮಡಿಸಿ, ನನ್ನ ಕೈಗೇ ವಾಪಸ್ ಕೊಟ್ಟರು. "ಮನೆ ನಿಮ್ಮದು. ಯಾರೂ ಮುಟ್ಟಲ್ಲ."

ಮ್ಯಾನೇಜರು ಏನೋ ಹೇಳಲು ಬಾಯಿ ತೆರೆದರು. "ಜೀಪು ಮಾವಿನ ಮರದ ಕೆಳಗೆ ನಿಲ್ಲಲಿ," ಅಂದರು ಧಣಿ. ಮ್ಯಾನೇಜರು ಜೀಪು ಹತ್ತಿ ಅದನ್ನು ಮರದ ಕಡೆ ತಿರುಗಿಸಿದರು.

"ಇನ್ನೇನಾದರೂ ಬೇಕಾ?" ಅಂತ ಧಣಿ ಕೇಳಿದರು. ಸುಮ್ಮನೆ ಕೇಳಿದ್ದು, ದೊಡ್ಡವರು ಕೇಳುವ ಹಾಗೆ. ನಾನು ಸುಮ್ಮನಿರಲಿಲ್ಲ.

"ಟಪಾಲು ಚೀಲದ ಕೀಲಿಕೈ ಆಫೀಸಿನ ಡ್ರಾಯರಲ್ಲಿ ಬಿದ್ದೈತೆ. ಯಾರಿಗೂ ಬೇಡ. ನಂಗೆ ಕೊಡಿ."

ಕೊಡಿಸಿದರು.

ಮಳೆಗಾಲದ ಮುಂಚೆ ಹೊಸ ಕಂಪ್ಯೂಟರ್ ಬಂತು. ಅದೇ ಕನ್ನಡಕದವನು. ಕೂತು ಎಲ್ಲ ಜೋಡಿಸಿ, ಒಂದು ಕಡೆ ಬಂದು ಕೈ ನಿಲ್ಲಿಸಿದ. ಪಕ್ಕದಲ್ಲೇ ಇದ್ದ ಮ್ಯಾನೇಜರು ಬಾಗಿಲ ಕಡೆ ತಿರುಗಿ ಕರೆದರು, "ಟಪಾಲಮ್ಮ, ಬನ್ನಿ ಇಲ್ಲಿ. ಅಲ್ಲೊಂದು ಇಡ್ಬೇಕಾ, ಹೇಳಿ." ಅಲ್ಲಿಯವರೆಗೂ ಅವರು ನನ್ನನ್ನು ಬನ್ನಿ ಅಂದದ್ದಿಲ್ಲ.

"ಇಡಿ," ಅಂದೆ. "ಮಳೆ ಬಂದಾಗ ತಂತೀನೂ ಕೀಳಿ."

ಚೀಲ ಜಗಲಿಯ ಗೂಟದಲ್ಲೇ ಇದೆ. ಒಳಗೆ ಒಂದೇ ಹಾಳೆ. ಇನ್ನೊಂದು ಹಾಳೆಯನ್ನು ಮಗಳಿಗೆ ಕೊಟ್ಟಿದ್ದೇನೆ. ಮೂಲ ದೊಡ್ಡ ಮಷೀನಿನಲ್ಲಿ ಕೂತಿದೆ. ಬೀಗ ನಾನೇ ಹಾಕಿದ್ದು, ಕೀಲಿಕೈ ನನ್ನ ಸೊಂಟದಲ್ಲಿದೆ. ಜೀಪಿನ ಮೇಲೆ ವರ್ಷವರ್ಷವೂ ಮಾವಿನಕಾಯಿ ಉದುರುತ್ತದೆ. ಸದ್ದು ನನ್ನ ಜಗಲಿಗೆ ಚೆನ್ನಾಗಿ ಕೇಳಿಸುತ್ತದೆ.